ಕಿಟಕಿಯಿಂದ ಕೊಟ್ಟ ಸೀರೆ

ಸೆರಗಿನ ತುದಿಯಿಂದ ನಾಲ್ಕು ಬೆರಳು ಒಳಗೆ, ಕೆಂಪು ರೇಷ್ಮೆಯ ಮೇಲೆ ಹಳದಿ ದಾರದಲ್ಲಿ ಹರಕು ಹೊಲಿದ ಗುರುತು ಇತ್ತು. ಆ ಸೀರೆಯನ್ನು ಕಿಟಕಿಯಿಂದ ಹೊರಗೆ ಕೊಟ್ಟವಳು ನಾನು, ನೀಲವ್ವ ಅಲ್ಲ. ಕೇಳಿದಾಗ ಹೇಳದೆ ಉಳಿದವಳೂ ನಾನೇ.

ಶಿರಸಿಯ ಹೈಸ್ಕೂಲಿನ ಇಂಗ್ಲಿಷ್ ಆರನೆಯ ಇಯತ್ತೆಯಲ್ಲಿ, ಎಂದರೆ ಮ್ಯಾಟ್ರಿಕ್ಕಿನ ಹಿಂದಿನ ತರಗತಿಯಲ್ಲಿ, ಆಗ ಹುಡುಗಿಯರೆಂದರೆ ನಾವಿಬ್ಬರೇ. ಸಿದ್ದಾಪುರ, ಯಲ್ಲಾಪುರದ ಕಡೆಯಿಂದ ಬಂದು ವಾರಾನ್ನ ಮಾಡಿಕೊಂಡು ಓದುವ ಹುಡುಗರೇ ತರಗತಿ ತುಂಬಾ. ನಮಗೆ ಒಂದು ಬೇರೆ ಕೋಣೆ ಕೊಟ್ಟಿದ್ದರು. ಮಾಸ್ತರರು ಬಂದು ಬಾಗಿಲಲ್ಲಿ ಕೆಮ್ಮಿದರೆ ನಾವು ಎದ್ದು ಅವರ ಹಿಂದೆ ತರಗತಿಗೆ ಹೋಗಬೇಕು, ಪಾಠ ಮುಗಿದ ಮೇಲೆ ಅವರ ಹಿಂದೆಯೇ ಹೊರಗೆ ಬರಬೇಕು. ಹುಡುಗರು ನಮಗೆ ‘ಮಾಸ್ತರರ ಬಾಲ’ ಎಂದು ಹೆಸರಿಟ್ಟಿದ್ದರು. ನೀಲವ್ವ ಅದಕ್ಕೂ ನಗುತ್ತಿದ್ದಳು. “ಬಾಲ ಇಲ್ಲದ ಮಾಸ್ತರ ಹೆಂಗ ಕಾಣ್ತಾರ ಹೇಳು” ಎನ್ನುತ್ತಿದ್ದಳು.

ಅವಳ ತಂದೆ ಬನವಾಸಿ ಕಡೆಯ ಬಟ್ಟೆ ವ್ಯಾಪಾರಿ. ಮಗಳನ್ನು ಶಿರಸಿಯಲ್ಲಿ ಸೋದರಮಾವನ ಮನೆಯಲ್ಲಿ ಇರಿಸಿ ಓದಿಸುತ್ತಿದ್ದರು. ಒಂದು ಮಾತು ಬಂದರೂ ಶಾಲೆ ಬಿಡಿಸುವೆನೆಂಬ ಷರತ್ತು ಮೊದಲೇ ಇತ್ತು. ಗಣಿತದಲ್ಲಿ ಇಡೀ ತರಗತಿಗೆ ಅವಳೇ ಮುಂದು. ಮ್ಯಾಟ್ರಿಕ್ ಮುಗಿಸಿ ಮಾಸ್ತರಿಣಿಯಾಗಬೇಕು — ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

ಆ ವರ್ಷದ ಗ್ಯಾದರಿಂಗಿಗೆ, ಎಂದರೆ ಶಾಲೆಯ ವಾರ್ಷಿಕೋತ್ಸವಕ್ಕೆ, ಸ್ವಾಗತಗೀತೆ ಹಾಡಲು ನಮ್ಮನ್ನು ಕರೆದರು. ಪರದೆಯ ಹಿಂದೆ ನಿಂತು ಹಾಡುವುದು. ಆದರೂ ಇಬ್ಬರೂ ತಾಯಂದಿರ ಒಳ್ಳೆಯ ಸೀರೆ ಉಟ್ಟೆವು. ಹಾಡು ಮುಗಿದ ಮೇಲೆ ನಿತ್ಯದ ಬಟ್ಟೆ ತೊಟ್ಟು, ಸೀರೆಗಳನ್ನು ಗಂಟು ಕಟ್ಟಿ ನಮ್ಮ ಕೋಣೆಯಲ್ಲಿಟ್ಟೆವು. ನೀಲವ್ವ ನಾಟಕ ನೋಡಲು ಹೆಂಗಸರ ಕಡೆ ಹೋಗಿ ಕುಳಿತಳು. ಕೋಣೆಯ ಕೀಲಿಕೈ ನನ್ನ ಸೊಂಟದಲ್ಲಿತ್ತು. ವರ್ಷವಿಡೀ ಅಲ್ಲಿಯೇ ಇರುತ್ತಿತ್ತು. ನೀರು ಕುಡಿಯಲೆಂದು ನಾನೊಬ್ಬಳೇ ಕೋಣೆಗೆ ಮರಳಿದಾಗ ಕಿಟಕಿಯ ಹೊರಗೆ ನನ್ನ ಸೋದರತ್ತೆಯ ಮಗ ಗಣಪತಿ ನಿಂತಿದ್ದ. ಮುಖಕ್ಕೆ ಬಣ್ಣ, ತಲೆಗೆ ಚೌರಿ. ನಾಟಕದಲ್ಲಿ ಅವನೇ ರಾಣಿ.

“ಒಂದು ಸೀರೆ ಕೊಡೇ ಸುಶೀಲಾ. ಆಯಿ ಕೊಡ್ತೆ ಹೇಳಿ ಈಗ ಕೊಡ್ತಿಲ್ಲೆ ಹೇಳ್ತು.”

“ರಾಣಿ ಪಂಚೆ ಉಟ್ಗಂಡೇ ಬರ್ಲಿ.”

“ತಮಾಷೆ ಮಾಡಡ ಮಾರಾಯ್ತಿ. ಯಾರಿಗೂ ಗೊತ್ತಾಗ್ತಿಲ್ಲೆ. ಮುಗಿದ ಕೂಡ್ಲೆ ತಂದು ಕೊಡ್ತೆ.”

ನನ್ನ ಮುಂದೆ ಎರಡು ಗಂಟುಗಳಿದ್ದವು. ನನ್ನ ತಂದೆ ವಕೀಲರು, ಮೊದಲ ಸಾಲಿನ ಕುರ್ಚಿಯಲ್ಲಿ ಕುಳಿತಿದ್ದರು. ನಮ್ಮ ಮನೆಯ ಸೀರೆಯನ್ನು ಅವರು ಗುರುತು ಹಿಡಿದರೆ? ನೀಲವ್ವನ ಮನೆಯವರು ನಾಟಕ ನೋಡುವವರಲ್ಲ. ಹೀಗೆ ಯೋಚಿಸಿಯೇ ಅವಳ ಗಂಟು ಬಿಚ್ಚಿದೆ. ಅವಸರದಲ್ಲಿ ಕೈಗೆ ಸಿಕ್ಕಿದ್ದನ್ನು ಕೊಟ್ಟೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ನಿಜವಲ್ಲ. ಅಪಾಯ ಇದೆಯೆಂದು ಗೊತ್ತಿತ್ತು — ಅದು ಯಾರ ಪಾಲಿಗೆ ಬರಬೇಕೆಂದು ಆರಿಸಿ ಕೊಟ್ಟೆ.

ಸರಕು ಕೊಳ್ಳಲು ಪೇಟೆಗೆ ಬಂದಿದ್ದ ನೀಲವ್ವನ ತಂದೆ, ಮಗಳ ಹಾಡು ಇದೆಯೆಂದು ತಿಳಿದು ಸಭೆಯ ಹಿಂದೆ ಬಂದು ನಿಂತದ್ದು ನನಗೆ ಗೊತ್ತಿರಲಿಲ್ಲ. ರಾಣಿ ರಂಗಕ್ಕೆ ಬಂದು, ತುದಿಯ ಹಳದಿ ಹೊಲಿಗೆ ಕಾಣುವಂತೆ ಸೆರಗು ಬೀಸಿದಳು. ಹಿಂದಿನಿಂದ ದೊಡ್ಡ ದನಿ ಕೇಳಿತು: “ಅದು ನಮ್ಮ ಮನೀ ಸೀರಿ!”

ಕೂಗಿದವರು ನೀಲವ್ವನ ತಂದೆಯೆಂದು ತಿಳಿಯುತ್ತಲೇ ಹುಡುಗರಿಗೆ ಅಷ್ಟು ಸಾಕಾಯಿತು. ಯಾರೋ ಸಿಳ್ಳು ಹೊಡೆದರು. “ನೀಲವ್ವ ರಾಣಿಗೆ ಜಯವಾಗಲಿ” ಎಂದು ಒಬ್ಬ ಕೂಗಿದ, ಉಳಿದವರು ದನಿಗೂಡಿಸಿದರು. ಹುಡುಗಿಯ ಸೀರೆ ಹುಡುಗನ ಮೈಮೇಲೆ — ಊರಿಗೆ ಬೇರೆ ಅರ್ಥ ಬೇಕಿರಲಿಲ್ಲ.

ನಾಟಕ ಅಲ್ಲಿಗೇ ನಿಂತಿತು. ಹೆಡ್‌ಮಾಸ್ತರರ ಕೋಣೆಯಲ್ಲಿ ಗಣಪತಿ ನನ್ನ ಹೆಸರು ಹೇಳಲಿಲ್ಲ. ಹೇಳಬೇಡ ಎಂದು ನಾನೇ ಅವನನ್ನು ಬೇಡಿಕೊಂಡಿದ್ದೆ. ಕೋಣೆಯಿಂದ ಸಿಕ್ಕಿತು ಎಂದಷ್ಟೇ ಹೇಳಿದ. ನೀಲವ್ವ ಗೊತ್ತಿಲ್ಲ ಎಂದಳು. ಅವಳ ತಂದೆ ನನ್ನ ಕಡೆ ತಿರುಗಿದರು.

“ತಂಗೀ, ನೀ ಖರೇ ಹೇಳು. ಕೀಲಿಕೈ ಯಾರ ಕಡೆ ಇರ್ತಿತ್ತು?”

“ಇಬ್ಬರ ಹತ್ತಿರವೂ ಇರ್ತಿತ್ತು” ಎಂದೆ.

ನೀಲವ್ವ ನನ್ನನ್ನು ಒಮ್ಮೆ ನೋಡಿದಳು. ಅಂದು ಸಂಜೆಯೇ ಅವಳನ್ನು ಊರಿಗೆ ಕರೆದುಕೊಂಡು ಹೋದರು. ನಾನು ಮ್ಯಾಟ್ರಿಕ್ ಮುಗಿಸಿದೆ, ಧಾರವಾಡದಲ್ಲಿ ಕಾಲೇಜಿಗೆ ಸೇರಿದೆ, ಬಿ.ಎ. ಆಯಿತು. ಒಂದು ಪತ್ರ ಬರೆಯಬಹುದಿತ್ತು...

ಕಳೆದ ತಿಂಗಳು ನಂಟರ ಮನೆಯ ಮದುವೆಗೆಂದು ಯಲ್ಲಾಪುರಕ್ಕೆ ಹೋಗಿದ್ದೆ. ಶಿರಸಿಗೆ ಹಿಂತಿರುಗಲು ಮೋಟಾರು ಕಾಯುತ್ತ ಒಂದು ಕಿರಾಣಿ ಅಂಗಡಿಯ ನೆರಳಿಗೆ ನಿಂತಾಗ, ಒಳಬಾಗಿಲಿನಿಂದ ಯಾರೋ ನನ್ನ ಹೆಸರು ಕರೆದರು. ನೀಲವ್ವ. ಅದು ಅವಳ ಗಂಡನ ಮನೆಯ ಅಂಗಡಿ. ಕಂಕುಳಲ್ಲಿ ಕೂಸು ಇತ್ತು.

“ಬಿ.ಎ. ಆತಂತಲ್ಲ? ಭಾಳ ಚಲೋ ಆತು ನೋಡು” ಎಂದಳು. “ನಂದೂ ಗಣಿತ ಮರತಿಲ್ಲ. ಮಾವನವರ ಲೆಕ್ಕಾ ತಪ್ಪಿದ್ರ ಬಾಗಲಾ ಮರೀಗೆ ನಿಂತು ಹೇಳ್ತೇನಿ. ಅವ್ರು ತಾವ ತಿದ್ದಿಕೊಂಡಂಗ ಮಾಡ್ತಾರ.”

ನಾನು ನಗಲಾರದೆ ಹೋದೆ. ಸೀರೆಯ ವಿಷಯ ನಿನಗೆ ಗೊತ್ತಿತ್ತೇ ಎಂದು ಕೇಳಿದೆ.

“ಕೀಲಿಕೈ ನಿನ್ನ ಸೊಂಟದಾಗ ಇರ್ತಿತ್ತು. ನನಗ ಗೊತ್ತಿರೂದಿಲ್ಲೇನು?”

“ಮತ್ತೆ ಯಾಕೆ ಹೇಳಲಿಲ್ಲ?”

“ಹೇಳಿದ್ರ ಇಬ್ರೂ ಮನ್ಯಾಗ ಕೂಡ್ತಿದ್ವಿ.” ಕೂಸನ್ನು ಇನ್ನೊಂದು ಕಂಕುಳಿಗೆ ಬದಲಿಸಿದಳು. “ಅದು ಹೋಗ್ಲಿ ಬಿಡು. ನನ್ನ ತಂಗಿ ಪಾರ್ವತಿ ಕನ್ನಡ ಸಾಲಿ ಮುಗಿಸಿ ಮುಲ್ಕಿ ಪರೀಕ್ಷಾ ಪಾಸಾಗ್ಯಾಳ. ಹೈಸ್ಕೂಲಿಗೆ ಕಳಸೂದಿಲ್ಲ ಅಂತಾನ ಅಪ್ಪ. ಒಬ್ಬಾಕೀನ ಕಳಿಸಿ ಕಂಡದ್ದು ಸಾಕು ಅಂತಾನ. ಈ ತಿಂಗಳ ಗಂಡು ನೋಡಾಕ ಬರ್ತಾರಂತ.”

ಮೋಟಾರು ಬಂತು. ಅವಳು ನನ್ನನ್ನು ಏನನ್ನೂ ಕೇಳಿಕೊಳ್ಳಲಿಲ್ಲ. ಕೇಳಿಕೊಂಡಿದ್ದರೆ ಉಪಕಾರ ಮಾಡುವವಳಂತೆ ಒಪ್ಪಿಕೊಳ್ಳುತ್ತಿದ್ದೆನೇನೋ — ಆ ಅವಕಾಶವನ್ನೂ ಅವಳು ಕೊಡಲಿಲ್ಲ. ದಾರಿಯುದ್ದಕ್ಕೂ ನನಗೆ ಕಾಣುತ್ತಿದ್ದದ್ದು ಇಷ್ಟೇ: ನಾನು ಅಂದು ಆಡಿದ ಒಂದು ಮಾತು ಇನ್ನೂ ಕೆಲಸ ಮಾಡುತ್ತಲೇ ಇದೆ, ಇವತ್ತಿನವರೆಗೆ ನಾನು ಹೆಸರು ಕೇಳಿಯೂ ಇರದಿದ್ದ ಒಬ್ಬ ಹುಡುಗಿಯ ಮೇಲೆ. ಶಿರಸಿಗೆ ಬಂದು ತಂದೆಯವರಿಗೆ ಎಲ್ಲವನ್ನೂ ಹೇಳಿದೆ. ಅವರು “ಈಗ ಎಂತಕ್ಕೆ?” ಎಂದು ಒಂದೇ ಮಾತು ಕೇಳಿದರು.

ಮರುದಿನ ಬೆಳಿಗ್ಗೆ ಮೊದಲ ಮೋಟಾರಿನಲ್ಲಿ ನೀಲವ್ವನ ತವರಿಗೆ ಹೋದೆ. ಅವಳ ತಂದೆ ಆಗಷ್ಟೇ ಪೂಜೆ ಮುಗಿಸಿ, ಹಣೆಯ ತುಂಬಾ ವಿಭೂತಿ ಧರಿಸಿ ಪಡಸಾಲೆಗೆ ಬಂದಿದ್ದರು. ನನ್ನ ಗುರುತು ಸಿಗಲಿಲ್ಲ. ಓದಿದವಳೆಂದು ಕಂಡು “ಬರ್ರಿ, ಕುಂದರ್ರಿ” ಎಂದರು. ಕೂಡದೆ, ನಿಂತೇ ಹೇಳಿದೆ. ಕಿಟಕಿ, ಎರಡು ಗಂಟು, ನನ್ನ ಸುಳ್ಳು. ಏನನ್ನೂ ಬಿಡಲಿಲ್ಲ. ಹೇಳಿ ಮುಗಿಸಿದ ಮೇಲೆ ಅವರು ಕೂಡಲು ಹೇಳಲಿಲ್ಲ. ಬೈಯಲೂ ಇಲ್ಲ. ಒಳಗೆ ತಿರುಗಿ ಹೆಂಡತಿಯನ್ನೂ ಕಿರಿಯ ಮಗಳನ್ನೂ ಕರೆದರು. ಇಬ್ಬರೂ ಬಂದು ಅಡಿಗೆಮನೆಯ ಬಾಗಿಲಲ್ಲಿ ನಿಂತರು.

“ಈಗ ಇನ್ನೊಮ್ಮೆ ಹೇಳ್ರಿ” ಎಂದರು. “ಇವರೂ ಕೇಳ್ಲಿ.”

ಆ ಹುಡುಗಿಯ ಮುಖ ನೋಡುತ್ತ ಮೊದಲಿನಿಂದ ಇನ್ನೊಮ್ಮೆ ಹೇಳಿದೆ.