ನಾಳ ಗಟ್ಟಿಯಿದ್ದರೆ ಒಳ್ಳೆಯದೆಂದುಕೊಂಡಿದ್ದೆ

ನಮ್ಮಪ್ಪ ನಲವತ್ತೆಂಟನೇ ವಯಸ್ಸಿಗೆ ಎದೆನೋವಿನಲ್ಲಿ ತೀರಿಕೊಂಡರು. ನನಗೆ ನಲವತ್ತಾರು ತುಂಬಿದ್ದೇ ತಡ, ಉಳಿದ ಎರಡು ವರ್ಷ ಹೇಗೆ ಹೆದರಿಕೊಂಡು ಕಳೆಯುವುದೆಂದು ಯೋಚಿಸತೊಡಗಿದೆ. ನಮ್ಮೂರು ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿ ಆಗ ಐದಾರು ವರ್ಷವಾಗಿತ್ತು.

ಯಳಂದೂರಿನ ನನ್ನ ಭಾವ ಒಮ್ಮೆ ಬಂದವರು, "ರಕ್ತನಾಳ ನೆಟ್ಟಗಿದ್ರೆ ಎದೆಗೇನೂ ಆಗಲ್ವಂತೆ. ಯಂತ್ರಗಿಂತ್ರ ಬ್ಯಾಡ. ಮಣಿಕಟ್ಟು ಒತ್ತುದ್ರೆ ಸಾಕು, ಗಟ್ಟಿಯೋ ಮೆತ್ತಗೋ ಗೊತ್ತಾಯ್ತದೆ" ಎಂದರು. ಯಾವುದು ಒಳ್ಳೆಯದೆಂದು ಅವರು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಕೇಳುವುದೇನಿದೆ? ಇಪ್ಪತ್ತು ವರ್ಷದಿಂದ ರೇಷ್ಮೆಗೂಡು ಕೊಂಡು ನೂಲು ತೆಗೆಸುವವನು ನಾನು. ಒತ್ತಿದಾಗ ಗಟ್ಟಿಯಿದ್ದರೆ ಒಳ್ಳೇ ಗೂಡು, ಮೆತ್ತಗೆ ಕುಸಿದರೆ ಕಳಪೆ.

ನನ್ನ ಮಣಿಕಟ್ಟು ಒತ್ತಿಕೊಂಡೆ. ನಾಳ ಮೆತ್ತಗೆ ಕುಸಿಯಿತು, ಜೊತೆಗೆ ನನ್ನ ಜೀವವೂ. ಹೆಂಡತಿಯದು ಹುರಿಮಾಡಿದ ದಾರದಂತೆ ಬೆರಳಿಗೆ ಎದುರು ನಿಂತಿತು.

"ನಿಂದು ಒಂದನೇ ನಂಬರ್ ಮಾಲು ಕಣೇ. ನೂರು ವರ್ಸ ಗ್ಯಾರಂಟಿ" ಎಂದೆ, ಹೊಟ್ಟೆಕಿಚ್ಚು ನುಂಗಿಕೊಂಡು.

"ಅಲ್ಲೀಗಂಟ ನಿಮ್ ಗೋಳು ಕೇಳ್ಬೇಕಾ?" ಎಂದಳು.

ನಾಲ್ಕು ತಿಂಗಳು ನಾನು ಒಂದು ಕೊಡ ನೀರು ಎತ್ತಲಿಲ್ಲ. ಗೂಡು ಬೇಯಿಸುವ ಬಾನಿಗಳಿಗೆ ನೀರು ಹೊರುವುದೆಲ್ಲ ಗಟ್ಟಿ ನಾಳದವಳ ಪಾಲಿಗೆ ಬಿತ್ತು. ಅವಳು ತಲೆನೋವೆಂದು ಹಣೆಗೆ ಬಟ್ಟೆ ಕಟ್ಟಿಕೊಂಡಾಗಲೂ, "ನಿಂಗೇನಾಯ್ತದೆ ಬುಡು" ಎಂದಿದ್ದೆ.

ಕೊನೆಗೆ ಧೈರ್ಯ ಮಾಡಿ ಪೇಟೆಯ ಡಾಕ್ಟರ ಹತ್ತಿರ ಹೋದೆ. ಅವರು ತೋಳಿಗೆ ಬಿ.ಪಿ. ಪಟ್ಟಿ ಸುತ್ತಿ, ಗಾಳಿ ಊದಿ, ಕೈಯ ನಾಡಿ ನಿಂತ ಮೇಲೆ ಮಣಿಕಟ್ಟಿನಲ್ಲಿ ಬೆರಳಾಡಿಸಿದರು.

"ನಾಳ ಬೆರಳಿಗೇ ಸಿಗ್ತಿಲ್ಲ. ಅಷ್ಟು ಮೆತ್ತಗಿದೆ."

"ಇನ್ನೆಷ್ಟು ದಿನ ಸಾ?"

"ಏನ್ರೀ ಎಷ್ಟು ದಿನ? ನಾಳ ಮೆತ್ತಗೇ ಇರಬೇಕು. ಗಟ್ಟಿಯಾದ್ರೇ ತೊಂದರೆ."

ಬದುಕಿದೆನೆಂದು ನಗಲು ಬಾಯಿ ತೆರೆದವನಿಗೆ ಹೆಂಡತಿಯ ಮಣಿಕಟ್ಟು ನೆನಪಾಯಿತು. ಚಪ್ಪಲಿಯನ್ನೂ ಮೆಟ್ಟದೆ ಮನೆಗೆ ಓಡಿದೆ.

"ನಿಮ್ಗೆ ಬಂದಿರೋ ಕಾಯ್ಲೆಗೆ ನಾನ್ಯಾಕ್ ಬರ್ಲಿ? ಒಲೆ ಮ್ಯಾಗೆ ಸಾರು ಅದೆ" ಎಂದವಳನ್ನು ಕೈಹಿಡಿದು ಕರೆತಂದೆ.

ಡಾಕ್ಟರು ಎರಡು ಸಲ ಗಾಳಿ ಊದಿದರು. ಒತ್ತಡ ಬಹಳ ಏರಿತ್ತು. "ಗಡುಸಾದ ನಾಳ ಮತ್ತೆ ಮೆತ್ತಗಾಗೋದು ಕಷ್ಟ. ಒತ್ತಡ ಇಳಿಸಬಹುದು. ಉಪ್ಪು ಕಡಿಮೆ ಮಾಡಿ, ಮಾತ್ರೆ ತಪ್ಪಿಸಬೇಡಿ" ಎಂದು ಅವಳಿಗೆ ಹೇಳಿ, ನನ್ನ ಕಡೆ ತಿರುಗಿ, "ಭಾರ ಎತ್ತಿಸಬೇಡಿ" ಎಂದರು. ಅವರಿಗೆ ಹೇಗೆ ಗೊತ್ತಾಯಿತೋ!

ಈಗಲೂ ತಿಂಗಳಿಗೊಮ್ಮೆ ಇಬ್ಬರೂ ಹೋಗುತ್ತೇವೆ. ಒತ್ತಡ ಒಮ್ಮೆ ಇಳಿದಿರುತ್ತದೆ, ಒಮ್ಮೆ ಏರಿರುತ್ತದೆ. ಗಾಳಿ ಬಿಡುವಷ್ಟು ಹೊತ್ತು ನಾನು ಡಾಕ್ಟರ ಮುಖವನ್ನೇ ನೋಡುತ್ತಿರುತ್ತೇನೆ. ಹೋದ ತಿಂಗಳು ಅವಳಿಗೆ ತಡೆಯಲಾಗಲಿಲ್ಲ.

"ನೋಡಿ ಸಾ, ಪಟ್ಟಿ ಸುತ್ತಿರೋದು ನಂಗೆ, ಉಸಿರು ಬಿಗಿ ಇಡ್ಕಂಡಿರೋದು ಇವ್ರು!"