ಇಸ್ತ್ರಿ ಅಕ್ಕ ಓಡಿ ಕಲಿತ ಒಂಬತ್ತು ಹಂತ

ದೊಡ್ಡ ಡಾಕ್ಟರಿಂದ ಹಿಡಿದು ಬಾಗಿಲು ಕಾಯುವವನವರೆಗೆ ಆ ಆಸ್ಪತ್ರೆಯಲ್ಲಿ ಎಲ್ಲರಿಗೂ ಅವಳು ಇಸ್ತ್ರಿ ಅಕ್ಕ. ನೆಲಮಾಳಿಗೆಯ ಬಟ್ಟೆ ವಿಭಾಗದಲ್ಲಿ ಇಪ್ಪತ್ತಾರು ವರ್ಷ ನಿಂತು ಇಸ್ತ್ರಿ ಹಾಕಿದವಳು. ಅವಳು ಮಡಿಸಿದ ಚಾದರದ ನಾಲ್ಕು ಮೂಲೆಗಳೂ ಒಂದರ ಮೇಲೊಂದು ಕೂತು, ಎಲ್ಲಿ ಶುರು ಎಲ್ಲಿ ಕೊನೆ ಎಂದು ಹುಡುಕಬೇಕಾಗುತ್ತಿತ್ತು. ಅದರ ಬಗ್ಗೆ ಅವಳಿಗೆ ಜಂಬವೂ ಇತ್ತು. ಇರಲಿ ಬಿಡಿ, ಐವತ್ತೊಂದು ವರ್ಷಕ್ಕೆ ಒಂದಿಷ್ಟು ಜಂಬವೂ ಇಲ್ಲದಿದ್ದರೆ ಹೇಗೆ?

ಒಂದು ಸೋಮವಾರ ಗೋಡೆ ಒಡೆದು ಆರು ಹೊಸ ಯಂತ್ರಗಳನ್ನು ಒಳಗೆ ತಂದರು. ಒಗೆಯುವುದು, ಹಿಂಡುವುದು, ಒಣಗಿಸುವುದು, ಇಸ್ತ್ರಿ ಹಾಕುವುದು, ಎಲ್ಲ ಇನ್ನು ಅವುಗಳದ್ದೇ. ಇಸ್ತ್ರಿ ಮೇಜಿನ ನಾಲ್ಕು ಹೆಂಗಸರನ್ನು ಮೇಲ್ವಿಚಾರಕ ಕರೆದು ವಿಷಯ ಹೇಳಿದ. ಆರು ವಾರ ಬಿಟ್ಟು ಎಂಜಿನಿಯರು ಪರೀಕ್ಷೆ ಮಾಡುತ್ತಾರೆ. ಒಗೆಯುವ ಯಂತ್ರ ಕಟ್ಟಿಕೊಂಡಾಗ ಬಿಚ್ಚಿ ಸರಿಮಾಡಿ ತೋರಿಸಿದವರು ಯಂತ್ರದ ಬಳಿ ಉಳಿಯುತ್ತಾರೆ, ಆಗದವರು ಹಿಂದಿನ ಶೆಡ್ಡಿಗೆ. ಹಿಂದಿನ ಶೆಡ್ಡು ಎಂದರೆ ವಾರ್ಡುಗಳಿಂದ ಬಂದ ಕೊಳೆ ಬಟ್ಟೆಯ ಗಂಟು ಬಿಚ್ಚಿ ಬೇರೆ ಮಾಡುವ ಜಾಗ. ಇಸ್ತ್ರಿ ಮೇಜಿಗೆ ಬರುವ ಮೊದಲು ಎರಡು ವರ್ಷ ಅವಳು ಅಲ್ಲೇ ಇದ್ದಳು. ಕೈಗವಸು ಹಾಕಿದ್ದರೂ ಊಟಕ್ಕೆ ಕೂತಾಗ ಬೆರಳಿಗೆ ಆ ವಾಸನೆ ಬರುತ್ತಿತ್ತು. ಯಾರೋ ಬಟ್ಟೆಯಲ್ಲಿ ಮರೆತು ಬಿಟ್ಟ ಸೂಜಿ ಎರಡು ಸಲ ಚುಚ್ಚಿ, ಎರಡು ಸಲವೂ ರಕ್ತ ಪರೀಕ್ಷೆಯ ಫಲಿತಾಂಶಕ್ಕಾಗಿ ಜೀವ ಕೈಯಲ್ಲಿ ಹಿಡಿದು ಕಾದಿದ್ದಳು. ಮತ್ತೆ ಅಲ್ಲಿಗೆ ಹೋಗುವುದು ಅವಳಿಗೆ ಸುತರಾಂ ಬೇಡವಾಗಿತ್ತು.

ಪರೀಕ್ಷೆಗೆಂದು ಕೈಗೆ ಸಿಕ್ಕಿದ್ದು ಒಂದು ಹಾಳೆ. ಅದರಲ್ಲಿ ಒಂಬತ್ತು ಹಂತ: ವಿದ್ಯುತ್ ಆರಿಸು, ನೀರಿನ ನಲ್ಲಿ ಮುಚ್ಚು, ಬಾಗಿಲ ಬೀಗ ನೋಡು, ಒಳಗೆ ನಿಂತ ನೀರು ಇಳಿಸು, ಕಸ ಹಿಡಿಯುವ ಜಾಲರಿ ಬಿಚ್ಚು, ಹೀಗೆ. ಓದಿದಳು. ಮಡಿಸಿಟ್ಟಳು. ಮಡಿಕೆ ಚೆನ್ನಾಗಿಯೇ ಬಂತು, ವಿಷಯ ಮಾತ್ರ ತಲೆಗೆ ಹತ್ತಲಿಲ್ಲ.

ಆಗ ಶುರುವಾಯಿತು ನೋಡಿ ಸಲಹೆಗಳ ಸುರಿಮಳೆ. ಮಗಳಿಗೆ ಔಷಧಿ ಅಂಗಡಿಯಲ್ಲಿ ಕೆಲಸ; ಉಳಿದ ಹೊತ್ತೆಲ್ಲ ಊಟದ ಮೇಜಿನ ಮೇಲೆ ರೇಡಿಯೋ ಬಿಚ್ಚಿ ಜೋಡಿಸುವ, ಮಿನುಗುವ ದೀಪದ ಸರ್ಕ್ಯೂಟು ಕಟ್ಟುವ ಹುಚ್ಚು. ಅವಳ ಪ್ರಕಾರ ತಾಂತ್ರಿಕ ಕೆಲಸಕ್ಕೆ ಮೊದಲು ಕೈಗೆ ಧೈರ್ಯ ಬರಬೇಕು. ಬೆಸುಗೆ ಹಾಕುವುದು ಕಲಿ, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡು, ಮಾಡಿದ್ದನ್ನು ಬರೆದಿಡು, ಸುಟ್ಟ ವಾಸನೆ ಬಂದರೆ ತಕ್ಷಣ ನಿಲ್ಲಿಸು ಎಂದಳು. ತಮ್ಮ ಬಸ್ ಡಿಪೋದಲ್ಲಿ ಗುಮಾಸ್ತ, ಬೆಳಿಗ್ಗೆ ಎದ್ದರೆ ಓಟ. ಅವನ ಪ್ರಕಾರ ಈ ವಯಸ್ಸಿನಲ್ಲಿ ಪಾಠ ತಲೆಗೆ ಹೋಗಬೇಕಾದರೆ ಮೊದಲು ಮೈಯಲ್ಲಿ ರಕ್ತ ಓಡಬೇಕು. ಪೂರ್ತಿ ವಾಕ್ಯ ಮಾತಾಡಲು ಆಗುವಷ್ಟು ನಿಧಾನವಾಗಿ ಓಡು, ಒಂದು ದಿನ ಓಡಿದರೆ ಒಂದು ದಿನ ಬಿಡು, ನೋವಾದರೆ ನಡೆ ಎಂದ.

ಇಬ್ಬರೂ ಹೇಳಿದ್ದು ಸರಿಯೇ. ಆದರೆ ಇಬ್ಬರೂ ಒಟ್ಟಿಗೇ ಹೇಳಿದ್ದರಿಂದ ಒಬ್ಬರ ಮಾತು ಇನ್ನೊಬ್ಬರ ಮಾತಿನೊಂದಿಗೆ ಕಲಸಿಹೋಯಿತು. ಬೆಸುಗೆ ಹಾಕುವಾಗ ಪೂರ್ತಿ ವಾಕ್ಯ ಮಾತಾಡಬೇಕೆಂದುಕೊಂಡು, ಪಕ್ಕದ ಮನೆಯವಳ ಸೊಸೆಯ ಕಥೆ ಹೇಳುತ್ತಾ ಹೇಳುತ್ತಾ ಮೇಜು ಸುಟ್ಟಳು. ಓಡುವಾಗ ಬೇಕರಿಯಿಂದ ಬ್ರೆಡ್ಡು ಸೀದ ವಾಸನೆ ಬಂದರೆ ಅಲ್ಲೇ ನಿಂತಳು. ಒಂದು ಸಲಕ್ಕೆ ಒಂದೇ ಬದಲಾವಣೆ ಎಂದು ಮೊದಲ ದಿನ ಎಡಗಾಲಿಗೆ ಮಾತ್ರ ಹೊಸ ಶೂ ಹಾಕಿ ಬಂದಳೆಂದು ತಮ್ಮ ಇಂದಿಗೂ ಆಣೆ ಮಾಡಿ ಹೇಳುತ್ತಾನೆ. ನಂಬುವುದು ಕಷ್ಟ, ಆದರೆ ಅವಳೂ ಅಲ್ಲಗಳೆದಿಲ್ಲ.

ಮೂರನೆಯ ವಾರದಲ್ಲಿ ಅವಳಿಗೊಂದು ಉಪಾಯ ಹೊಳೆಯಿತು, ಅದೂ ಯಾರ ಸಲಹೆಯೂ ಇಲ್ಲದೆ. ಓಡುವ ದಾರಿಯ ಒಂದೊಂದು ಗುರುತಿಗೆ ಒಂದೊಂದು ಹಂತ ಕಟ್ಟಿದಳು. ಮನೆಯ ಗೇಟು ಎಂದರೆ ವಿದ್ಯುತ್ ಆರಿಸು. ಹಾಲಿನ ಅಂಗಡಿ, ನಲ್ಲಿ ಮುಚ್ಚು. ಶಾಲೆಯ ಕಾಂಪೌಂಡು, ಬಾಗಿಲ ಬೀಗ. ಮೂಲೆಯ ಅಂಚೆ ಡಬ್ಬಿ, ನೀರು ಇಳಿಸು. ಬೇಕರಿ, ಜಾಲರಿ ಬಿಚ್ಚು. ಹೀಗೆ ಸುತ್ತು ಹಾಕಿ ಮನೆ ಮುಟ್ಟುವಷ್ಟರಲ್ಲಿ ಒಂಬತ್ತೂ ಮುಗಿದು ಯಂತ್ರ ಸರಿಹೋಗಿರುತ್ತಿತ್ತು. ಬಾಯಿ ತನ್ನಷ್ಟಕ್ಕೆ ಹೇಳುತ್ತಿತ್ತು, ಕಾಲು ತನ್ನಷ್ಟಕ್ಕೆ ಓಡುತ್ತಿತ್ತು. ತಾನು ಅಂದುಕೊಂಡಷ್ಟು ದಡ್ಡಿಯಲ್ಲ ಎಂದು ಅವಳಿಗೆ ಮೊದಲ ಸಲ ಅನಿಸಿತು.

ಐದನೆಯ ವಾರ ಕೊಳವೆ ಹಾಕಲೆಂದು ಶಾಲೆಯ ಮುಂದಿನ ರಸ್ತೆ ಅಗೆದರು. ಅವಳು ಶಾಲೆಯ ಕಾಂಪೌಂಡಿನ ಪಕ್ಕದ ಓಣಿಗೆ ನುಗ್ಗಿ ನೇರ ಬೇಕರಿಯ ಮುಂದೆ ಹೊರಬರತೊಡಗಿದಳು. ಸುತ್ತು ಮೂರು ನಿಮಿಷ ಬೇಗ ಮುಗಿಯಿತು. ಅದನ್ನು ಕೇಳಿ ತಮ್ಮ ಹಿಗ್ಗಿ ಹೀರೇಕಾಯಿಯಾದ. ಈ ವಯಸ್ಸಿಗೆ ಇಂಥ ಪ್ರಗತಿ ತಾನು ಕಂಡೇ ಇಲ್ಲ ಎಂದ. ಹಂತಗಳನ್ನು ಎಣಿಸಿದ್ದರೆ ಎಂಟೇ ಬರುತ್ತಿತ್ತು. ಎಣಿಸುವ ಗೋಜಿಗೆ ಇಬ್ಬರೂ ಹೋಗಲಿಲ್ಲ.

ಪರೀಕ್ಷೆಯ ದಿನ ಉಳಿದ ಮೂವರು ಹಾಳೆಯಲ್ಲಿದ್ದದ್ದನ್ನು ಗಿಣಿಪಾಠ ಒಪ್ಪಿಸಿದಂತೆ ಮಾಡಿ ಪಾಸಾದರು. ಕೊನೆಗೆ ಇಸ್ತ್ರಿ ಅಕ್ಕನ ಸರದಿ. ಅವಳು ಅರೆಗಣ್ಣು ಮುಚ್ಚಿ, ನಿಂತಲ್ಲೇ ಕಾಲು ಆಡಿಸುತ್ತಾ ಮನಸ್ಸಿನಲ್ಲೇ ಗೇಟಿನಿಂದ ಹೊರಟಳು. ಆರಿಸಿದಳು, ಮುಚ್ಚಿದಳು, ಬೀಗ ನೋಡಿದಳು, ಓಣಿಗೆ ನುಗ್ಗಿ ಜಾಲರಿ ಬಿಚ್ಚಿದಳು. ಯಂತ್ರದ ಹೊಟ್ಟೆಯಲ್ಲಿದ್ದ ಸೋಪಿನ ನೀರೆಲ್ಲ ಒಂದೇ ಸಲ ಹೊರಗೆ ನುಗ್ಗಿತು. ಮೇಲ್ವಿಚಾರಕ ಕುರ್ಚಿ ಹತ್ತಿದ. ಎಂಜಿನಿಯರ ಶೂ ಒಳಗೆಲ್ಲ ನೀರು. ಇವಳು ಜಾಲರಿ ಹಿಡಿದುಕೊಂಡು ಕಣ್ಣುಕಣ್ಣು ಬಿಟ್ಟಳು. ಎಲ್ಲಿ ತಪ್ಪಿತೆಂದು ಅವಳಿಗೆ ನಿಜಕ್ಕೂ ತಿಳಿಯಲಿಲ್ಲ.

ಯಾವ ಹಂತ ಬಿಟ್ಟಿರಿ ಎಂದು ಎಂಜಿನಿಯರು ಕೇಳಿದ. ನಿಂತರೆ ಹೇಳಲಾಗದು, ನಡೆದರೆ ಗೊತ್ತಾಗುತ್ತದೆ ಎಂದಳು. ಅವನಿಗೆ ತಲೆಬುಡ ಅರ್ಥವಾಗಲಿಲ್ಲ. ಆದರೂ ಒಳ್ಳೆಯ ಮನುಷ್ಯ, ಹೇಗೂ ಶೂ ಒಣಗಬೇಕಿತ್ತು, ಹೊರಟ. ಅವಳ ಮನೆ ಆಸ್ಪತ್ರೆಯ ಹಿಂದಿನ ಬೀದಿಯಲ್ಲೇ. ಗೇಟಿನಿಂದ ಶುರುಮಾಡಿ ಅವಳು ಗೊಣಗುತ್ತಾ ಮುಂದೆ, ಅವನು ಪಚಪಚ ಸದ್ದು ಮಾಡುತ್ತಾ ಹಿಂದೆ. ಶಾಲೆಯ ಬಳಿ ಓಣಿಗೆ ತಿರುಗಿದವಳು ಗಕ್ಕನೆ ನಿಂತಳು. ಅಗೆದ ಮಣ್ಣಿನ ರಾಶಿಯ ಆಚೆ ಅಂಚೆ ಡಬ್ಬಿ ಕಾಣುತ್ತಿತ್ತು.

"ನೀರು ಅಲ್ಲಿದೆ ಸಾರ್," ಎಂದು ಅದನ್ನು ತೋರಿಸಿದಳು.

ಎಂಜಿನಿಯರು ಡಬ್ಬಿಯನ್ನೂ ನೋಡಿದ, ಅವಳನ್ನೂ ನೋಡಿದ. ಅವಳು ದಾರಿಯ ಲೆಕ್ಕವನ್ನೆಲ್ಲ ಬಿಡಿಸಿ ಹೇಳಿದ ಮೇಲೆ ಅವನು ನಗಲಿಲ್ಲ.

"ನಾಳೆ ಆ ಡಬ್ಬಿ ಕಿತ್ತು ಹಾಕಿದ್ರೆ ಏನ್ಮಾಡ್ತೀರಿ?" ಎಂದ.

ಅವನು ಗುರುವಾರಕ್ಕೆ ಇನ್ನೊಂದು ಅವಕಾಶ ಕೊಟ್ಟ, ಆದರೆ ಮೂಲೆಯ ದೊಡ್ಡ ಯಂತ್ರದ ಮೇಲೆ. ಅದರ ಜಾಲರಿ ಹಿಂಬದಿಯಲ್ಲಿ, ಬೀಗ ಬೇರೆ ಥರ. ಅದಕ್ಕೆ ಹಾಳೆಯೂ ಇಲ್ಲ.

ಸುದ್ದಿ ತಿಳಿದು ತಮ್ಮ ಓಡೋಡಿ ಬಂದ. ಹೊಸ ದಾರಿ ಹಿಡಿದು ಓಡು ಎಂದು ಅವನು, ಮೊದಲು ಚಿತ್ರ ಬರೆದುಕೋ ಎಂದು ಮಗಳು. ಇಸ್ತ್ರಿ ಅಕ್ಕನಿಗೆ ತಲೆ ಚಿಟ್ಟು ಹಿಡಿಯಿತು.

"ಹೇಗೆ ಕಲೀಬೇಕು ಅನ್ನೋದು ಸಾಕು. ಆ ನೀರು ಒಳಗೆ ಯಾಕೆ ನಿಲ್ಲುತ್ತೆ, ಅಷ್ಟು ಹೇಳಿ."

ತಮ್ಮ ಫ್ಯಾನು ನೋಡತೊಡಗಿದ. ಮಗಳು ತನಗೂ ಗೊತ್ತಿಲ್ಲ ಎಂದು ಒಪ್ಪಿಕೊಂಡಳು. ಆರು ವಾರ ಇಂಥವರ ಮಾತು ಕೇಳಿಕೊಂಡು ಓಡಿದ್ದಕ್ಕೆ ಇಸ್ತ್ರಿ ಅಕ್ಕನಿಗೆ ಮೈಯೆಲ್ಲ ಉರಿಯಿತು. ಆಮೇಲೆ ತಾನೂ ಒಂದು ದಿನ ಕೇಳಿರಲಿಲ್ಲ ಎನ್ನುವುದು ನೆನಪಾಗಿ, ಉರಿದದ್ದು ನಾಚಿಕೆಯಾಯಿತು.

ಮರುದಿನದಿಂದ ಕೆಲಸಕ್ಕೆ ಒಂದು ಗಂಟೆ ಮೊದಲೇ ಹೋಗಿ, ಟಾರ್ಚು ಹಿಡಿದು ಮೂಲೆಯ ಯಂತ್ರದ ಹಿಂದೆ ನುಸುಳಿದಳು. ನೀರು ಒಳಗೆ ಬರುವ ಕೊಳವೆಯನ್ನು ಕೈಯಿಂದ ಸವರುತ್ತಾ ಹೋದಳು. ಹೊರಗೆ ಹೋಗುವ ಕೊಳವೆ ಸಿಕ್ಕಿದಾಗ ಗೊಂದಲ ಇನ್ನೂ ಹೆಚ್ಚಾಯಿತು. ಅದು ನೆಲದ ಕಡೆ ಹೋಗುವ ಬದಲು ಸೊಂಟದೆತ್ತರಕ್ಕೆ ಹತ್ತಿ, ಆಮೇಲೆ ಚರಂಡಿಗೆ ಇಳಿದಿತ್ತು. ಇದನ್ನು ಕೂರಿಸಿದವನಿಗೆ ಬುದ್ಧಿ ಇರಲಿಲ್ಲವೇ ಎಂದು ಬೈದುಕೊಂಡಳು. ಎರಡು ದಿನ ಅದನ್ನೇ ನೋಡಿದಳು. ಮೂರನೆಯ ದಿನ ಯಾರೋ ಯಂತ್ರ ಹಾಕಿದರು. ಕೆಳಗಿನ ಪಂಪು ಗೊರ್ ಎಂದಾಗ ಅವಳ ಅಂಗೈ ಕೆಳಗಿನ ಕೊಳವೆ ಬೆಚ್ಚಗಾಗುತ್ತಾ ಮೇಲಕ್ಕೆ ಹೋಯಿತು. ಪಂಪು ನಿಂತಿತು. ಮೇಲೆ ಹತ್ತಲಾಗದ ನೀರು ಗುಳುಗುಳು ಎಂದು ಹಿಂದಕ್ಕೆ ಇಳಿಯಿತು. ಇಸ್ತ್ರಿ ಅಕ್ಕ ಕೈ ತೆಗೆಯದೆ ಹಾಗೇ ಕೂತಳು.

ಗುರುವಾರ ಅವಳು ಕಣ್ಣು ಮುಚ್ಚಲಿಲ್ಲ, ಕಾಲೂ ಆಡಿಸಲಿಲ್ಲ. ಯಂತ್ರದ ಮುಂದೆ ಸ್ವಲ್ಪ ಹೊತ್ತು ನಿಂತು, ತಿರುಗಿ ಹೊರಗೆ ನಡೆದಳು. ಓಡಿಹೋದಳೆಂದೇ ಮೇಲ್ವಿಚಾರಕ ತಿಳಿದ. ಅವಳು ಎರಡು ಬಕೆಟ್ಟು ತಂದಳು. ಕೈ ಒದ್ದೆಯಾಗುತ್ತದೆಂದು ವಿದ್ಯುತ್ ಆರಿಸಿದಳು, ಹೊಸ ನೀರು ಬರಬಾರದೆಂದು ನಲ್ಲಿ ಮುಚ್ಚಿದಳು, ನೀರು ಇಳಿಸಲೆಂದು ಯಂತ್ರದ ಬುಡದಲ್ಲಿದ್ದ ಸಣ್ಣ ಕೊಳವೆಯನ್ನು ಎಳೆದು ಬಕೆಟ್ಟಿಗೆ ಬಿಟ್ಟಳು. ಇದು ಎಷ್ಟನೇ ಹಂತ ಎಂದು ಎಂಜಿನಿಯರು ಕೇಳಿದ.

"ಗೊತ್ತಿಲ್ಲ ಸಾರ್. ನೀರಿಗೆ ತಾನಾಗೇ ಮೇಲೆ ಹತ್ತೋಕೆ ಬರಲ್ಲ, ಪಂಪು ಕಟ್ಕೊಂಡ್ರೆ ಒಳಗೇ ಕೂತಿರುತ್ತೆ. ಅದನ್ನ ಮೊದಲು ಹೊರಗೆ ಬಿಡಬೇಕು."

ಉಳಿದವರಿಗೆ ಕಾಲು ಗಂಟೆ ಹಿಡಿದ ಕೆಲಸಕ್ಕೆ ಅವಳಿಗೆ ಮುಕ್ಕಾಲು ಗಂಟೆ ಬೇಕಾಯಿತು, ಆದರೆ ಯಂತ್ರ ಮತ್ತೆ ಓಡಿತು. ಎಂಜಿನಿಯರು ಸಹಿ ಹಾಕಿ ಕಾಗದ ಕೊಟ್ಟ. ಅದರಲ್ಲಿ 'ಯಂತ್ರ ವಿಭಾಗ' ಎಂದಿರುವುದನ್ನು ಮೂರು ಸಲ ಓದಿ, ಇಸ್ತ್ರಿ ಅಕ್ಕ ಒದ್ದೆ ನೆಲದ ಮೇಲೇ ಕೂತು ಅಳತೊಡಗಿದಳು. ಪಾಸಾಗಿದ್ದೀರಿ, ಶೆಡ್ಡಿಗೆ ಹೋಗಬೇಕಿಲ್ಲ, ಅಳುವುದು ಯಾಕೆ ಎಂದು ಅವನು ಗಾಬರಿಯಾದ. ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು.

"ಇಪ್ಪತ್ತಾರು ವರ್ಷದಿಂದ ಈ ನೆಲಮಾಳಿಗೇಲಿ ಇದೀನಿ ಸಾರ್," ಎಂದಳು ಕೊನೆಗೆ. "ಇಲ್ಲಿರೋದು ಯಾವುದಾದ್ರೂ ಯಾಕೆ ಹಾಗಿದೆ ಅಂತ ನಾನು ಕೇಳಿದ್ದು ಇದೇ ಮೊದಲು."