ಸರ್ವಮಂಗಳಮ್ಮನ ಹಾಲಿಲ್ಲದ ಬಿಸ್ಕತ್ತು

ಸರ್ವಮಂಗಳಮ್ಮ ಬೆನ್ನು ಸವರಿದರೆ ಗೊಡ್ಡು ಹಸುವೂ ಹಾಲು ಕೊಟ್ಟೀತು ಎಂದು ಚಿಕ್ಕಲಸಂದ್ರದ ಆ ಕ್ರಾಸಿನ ಜನ ಹೇಳುತ್ತಿದ್ದರು. ಹೇಳುವವರಿಗೆ ಬಾಯಿ ನೋಯುವುದಿಲ್ಲವಲ್ಲ, ಇನ್ನೊಂದಿಷ್ಟು ಸೇರಿಸುತ್ತಿದ್ದರು. ಆಕೆ ಎರೆದ ಮಗು ನೀರಿಗೆ ಅಳುವುದಿಲ್ಲವಂತೆ, ಆಕೆ ಕಟ್ಟಿದ ಅಂಟಿನುಂಡೆ ತಿಂದ ಬಾಣಂತಿಗೆ ಸೊಂಟನೋವೇ ಇಲ್ಲವಂತೆ. ಇಷ್ಟೆಲ್ಲ ಹೇಳಿ ಕೊನೆಗೆ ದನಿ ತಗ್ಗಿಸಿ, “ಸ್ವಂತಕ್ಕೆ ಮಾತ್ರ ಒಂದೂ ಆಗ್ಲಿಲ್ಲ ನೋಡಿ” ಎನ್ನುತ್ತಿದ್ದರು.

ಅದೂ ನಿಜವೇ. ಮೂವತ್ತೈದು ವರ್ಷದ ಸಂಸಾರದಲ್ಲಿ ಆ ಮನೆಯಲ್ಲಿ ತೊಟ್ಟಿಲು ತೂಗಿರಲಿಲ್ಲ. ಗಂಡ ಕರಿಬಸವಯ್ಯ ಸಿಟಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದು ನಿವೃತ್ತನಾದವನು. ಇಬ್ಬರೂ ನೆಲಮಹಡಿಯ ಬಾಡಿಗೆ ಮನೆಯಲ್ಲಿದ್ದರು. ಮೇಲಿನ ಮನೆ ಓನರ್ ಉಮಾಮಹೇಶ್ವರಿಯವರದು. ಅವರ ಸೊಸೆ ತೇಜಸ್ವಿನಿಗೆ ಮದುವೆಯಾಗಿ ಏಳು ವರ್ಷಕ್ಕೆ ಗಂಡುಮಗುವಾಯಿತು, ಸುಮನ್ ಎಂದು ಹೆಸರಿಟ್ಟರು. ಹುಡುಗಿಗೆ ತಾಯಿ ಇರಲಿಲ್ಲ. ತವರಿಲ್ಲದ ಹೆಣ್ಣಿಗೆ ಬಾಣಂತನ ಯಾರು ಮಾಡುತ್ತಾರೆ? ಸರ್ವಮಂಗಳಮ್ಮ ಯಾರೂ ಕರೆಯುವ ಮೊದಲೇ ಸೆರಗು ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತಿದಳು.

ನಲವತ್ತು ದಿನ ಎಲ್ಲ ಸುಸೂತ್ರ. ನಲವತ್ತೊಂದನೇ ದಿನ ಮಗುವಿನ ಬಟ್ಟೆಯಲ್ಲಿ ರಕ್ತ ಕಂಡಿತು.

ಜಯನಗರದ ಮಕ್ಕಳ ಡಾಕ್ಟರು ನೋಡಿ ಹೇಳಿದರು: ತಾಯಿ ತಿನ್ನುವ ಹಸುವಿನ ಹಾಲಿನ ಅಂಶ ಎದೆಹಾಲಿನಲ್ಲಿ ಇಳಿದು ಮಗುವಿನ ಹೊಟ್ಟೆಗೆ ಹೋಗುತ್ತಿದೆ, ಮಗುವಿಗೆ ಅದು ಒಗ್ಗುತ್ತಿಲ್ಲ. ಹಾಲು, ಮೊಸರು, ಬೆಣ್ಣೆ, ತುಪ್ಪ, ಎಲ್ಲ ಬಿಡಬೇಕು. ಬಿಟ್ಟರೆ ಎದೆಹಾಲು ಮುಂದುವರಿಸಬಹುದು. ಆಗಲೂ ರಕ್ತ ನಿಲ್ಲದಿದ್ದರೆ ಡಬ್ಬಿಯ ವಿಶೇಷ ಪುಡಿಯೇ ಗತಿ.

“ತುಪ್ಪಾನೂ ಬೇಡ್ವಂತಾ?” ಸರ್ವಮಂಗಳಮ್ಮ ಎರಡೆರಡು ಸಲ ಕೇಳಿದಳು.

“ತುಪ್ಪಾನೂ ಬೇಡ ಆಂಟಿ. ಒಂದು ತೊಟ್ಟೂ ಹೋಗ್ಬಾರ್ದಂತೆ.” ತೇಜಸ್ವಿನಿ ಮಗುವನ್ನು ಎದೆಗೊತ್ತಿಕೊಂಡೇ ಇದ್ದಳು. “ಡಬ್ಬಿ ಮಾತ್ರ ಬೇಡ. ನಂಗೆ ಅಮ್ಮ ಅನ್ನೋಳು ಹೆಂಗಿರ್ತಾಳೆ ಅಂತಾನೇ ಗೊತ್ತಿಲ್ಲ. ಇವನಿಗೆ ಹಾಲು ಕೊಡುವಾಗ ಮಾತ್ರ ಸ್ವಲ್ಪ ಗೊತ್ತಾಗುತ್ತೆ. ಇದೊಂದನ್ನ ಉಳಿಸ್ಕೊಡಿ ಆಂಟಿ.”

ಆ ಮಾತು ಸರ್ವಮಂಗಳಮ್ಮನಿಗೆ ಎಲ್ಲಿ ನಾಟಬೇಕೋ ಅಲ್ಲೇ ನಾಟಿತು. ತನ್ನ ಮನೆಯಲ್ಲೂ ಹಾಲು ತರುವುದನ್ನು ಬಿಟ್ಟಳು. ಪಾತ್ರೆ ಪದಾರ್ಥವೆಲ್ಲ ಬೇರೆ ಮಾಡಿದಳು. ಆದರೆ ಹಾಲೂಡಿಸುವ ಹೆಂಗಸಿನ ಹಸಿವು ಸಾಮಾನ್ಯವೇ? ಗಂಟೆಗೊಮ್ಮೆ ಬಾಯಾಡಿಸಲು ಬೇಕು, ಅಂಗಡಿಯ ತಿಂಡಿಯ ಮೇಲೆ ನಂಬಿಕೆಯಿಲ್ಲ. ಸರಿ, ಒಂದು ಓವನ್ ಬಂತು. ರಾಗಿಹಿಟ್ಟು, ಓಟ್ಸ್ ಪುಡಿ, ಹುರಿದ ಎಳ್ಳು, ಚೂರು ಮೆಂತ್ಯ, ಸಬ್ಬಸಿಗೆ ಬೀಜ, ಬೆಲ್ಲ, ತೆಂಗಿನೆಣ್ಣೆ ಹಾಕಿ ನೀರಲ್ಲಿ ಕಲಸಿ ಬಿಸ್ಕತ್ತು ತಟ್ಟಿದಳು. ಮೊದಲನೆಯದು ಕರಕಲಾಯಿತು. ಎರಡನೆಯದನ್ನು ಕರಿಬಸವಯ್ಯ ಕಡಿದು ನೋಡಿ, ದವಡೆ ಹಿಡಿದುಕೊಂಡು, “ಮಂಗಳಾ, ಇದನ್ನ ಬಾಣಂತಿಗೆ ಕೊಡ್ತೀಯೋ, ಮನೆ ಪಾಯಕ್ಕೆ ಹಾಕ್ತೀಯೋ?” ಎಂದ. ಐದನೆಯ ಸಲಕ್ಕೆ ಹದ ಸಿಕ್ಕಿತು. ಬಾಯಲ್ಲಿಟ್ಟರೆ ಮರಳಿನಂತೆ ಉದುರಿ ಕರಗುವ ಬಿಸ್ಕತ್ತು.

ಹತ್ತು ದಿನಕ್ಕೆ ರಕ್ತ ನಿಂತಿತು. ಮಗು ಮೈ ತುಂಬಿಕೊಂಡಿತು. ಸುದ್ದಿ ಬಾಯಿಂದ ಬಾಯಿಗೆ ಹೋಗಿ, ಇದೇ ಕಷ್ಟವಿರುವ ತಾಯಂದಿರು ಬನಶಂಕರಿಯಿಂದ, ಬಿಟಿಎಂನಿಂದ ಫೋನ್ ಮಾಡತೊಡಗಿದರು. ಹದಿನಾಲ್ಕು ಮನೆಗೆ ಆಕೆಯ ಡಬ್ಬ ಹೋಗುತ್ತಿತ್ತು. ಇದೇ ಆಕೆಯ ಬದುಕಿನ ಒಳ್ಳೆಯ ಕಾಲ. ಬಹಳ ದಿನದ್ದಲ್ಲ.

ಒಂದು ಬೆಳಿಗ್ಗೆ ಮತ್ತೆ ಒಂದು ಗೆರೆ ರಕ್ತ. ಹಿಂದಿನ ದಿನ ನೆಂಟರು ತಂದ ಬನ್ನನ್ನು ತೇಜಸ್ವಿನಿ ಅರ್ಧ ತಿಂದಿದ್ದಳು, ಅದರಲ್ಲಿ ಹಾಲಿನ ಪುಡಿ ಇತ್ತೋ ಏನೋ. ಸುಮ್ಮನಿದ್ದರೆ ತಾನಾಗಿ ನಿಲ್ಲುತ್ತಿತ್ತು. ಸರ್ವಮಂಗಳಮ್ಮನಿಗೆ ಸುಮ್ಮನಿರಲು ಆಗಲಿಲ್ಲ. ಕೆಳಗಿಳಿದು ದೇವರ ಕೋಣೆಯಲ್ಲಿ ಕುಳಿತು, ಇಪ್ಪತ್ತೊಂದು ದಿನ ಲಿಂಗಕ್ಕೆ ಹಾಲಿನ ಅಭಿಷೇಕ ಮಾಡುತ್ತೇನೆ, ಮಗುವನ್ನು ಕಾಯಿ ಎಂದು ಹರಕೆ ಹೊತ್ತಳು.

ದಿನಾ ಬೆಳಿಗ್ಗೆ ಅಭಿಷೇಕ. ಆಮೇಲೆ ಬಟ್ಟಲಲ್ಲಿ ತೀರ್ಥ. ತೀರ್ಥವನ್ನು ಗಿಡದ ಬುಡಕ್ಕೆ ಸುರಿಯುವ ಬದಲು ಆಕೆ ಎಲ್ಲಿಗೆ ಹಾಕಿದಳೆಂದರೆ, ಬಿಸ್ಕತ್ತಿನ ಹಿಟ್ಟಿಗೆ. ನೀರಿನ ಬದಲು ತೀರ್ಥದಲ್ಲೇ ಕಲಸಿದಳು. ಹಾಲೆಂದು ಕಂಡಿದ್ದರೆ ಆ ಕೈ ಅದನ್ನು ಮುಟ್ಟುತ್ತಿರಲಿಲ್ಲ. ಲಿಂಗದ ಮೇಲಿಂದ ಇಳಿದು ಬಂದದ್ದು ಆಕೆಯ ಕಣ್ಣಿಗೆ ಹಾಲಲ್ಲ. ಹುಟ್ಟಿದಾಗಿನಿಂದ ಅದಕ್ಕೆ ತೀರ್ಥವೆಂದೇ ಹೆಸರು, ಅಂಗೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಳ್ಳುವುದೇ ಗೊತ್ತು.

ರಕ್ತ ಹೆಚ್ಚಾಯಿತು. ಅದು ಹೆಚ್ಚಿದಷ್ಟೂ ಆಕೆಯ ಭಕ್ತಿ ಹೆಚ್ಚಿತು, ಕಾಲು ಲೀಟರಿನ ಅಭಿಷೇಕ ಅರ್ಧ ಲೀಟರಾಯಿತು. ಡಾಕ್ಟರು, ಬಾಯಿಗೆ ಹಾಕಿದ್ದನ್ನೆಲ್ಲ ಬರೆದಿಡಿ ಎಂದರು. ತೇಜಸ್ವಿನಿ ಪುಸ್ತಕ ಹಿಡಿದು ಕೂತಳು.

“ಬಿಸ್ಕತ್ತಿಗೆ ಏನೇನು ಹಾಕ್ತೀರಾ ಆಂಟಿ?”

ಸರ್ವಮಂಗಳಮ್ಮ ಒಂದೊಂದೇ ಹೇಳಿದಳು.

“ಇನ್ನೇನಾದ್ರೂ?”

“ಇಷ್ಟೇ ಕಣೇ.”

“ಯೋಚನೆ ಮಾಡಿ ಹೇಳಿ. ಏನಾದ್ರೂ ಮರ್ತಿದ್ದೀರಾ?”

“ನಿನ್ನ ಮಗು ಅಂದ್ರೆ ನಂಗೆ ಮರೆವಾ?” ಆಕೆಯ ಕಣ್ಣು ತುಂಬಿತು. ಸುಳ್ಳು ಹೇಳುತ್ತಿದ್ದೇನೆಂಬ ಅರಿವು ಎಳ್ಳಷ್ಟೂ ಇರಲಿಲ್ಲ.

ಹರಕೆಯ ಹದಿಮೂರನೇ ದಿನ ಮಗುವಿನ ತೂಕ ಇಳಿದಿತ್ತು, ತುಟಿ ಬಿಳಿಚಿತ್ತು. ಉಮಾಮಹೇಶ್ವರಿಯವರು, “ಸಾಕಮ್ಮ ಹಟ. ಹಾಲು ಮುಖ್ಯಾನೋ ಮಗು ಮುಖ್ಯಾನೋ?” ಎಂದರು. ಡಬ್ಬಿಯ ಪುಡಿ ಬಂತು. ಕುಡಿಯುವ ಮಗುವಿಲ್ಲದೆ ತೇಜಸ್ವಿನಿಯ ಎದೆ ಕಲ್ಲಾಗಿ, ಮೈ ಕೆಂಡವಾಯಿತು. ಹಾಲು ಆರಿಸಲು ಎದೆಗೆ ಮಲ್ಲಿಗೆ ಹೂ ಕಟ್ಟುವುದು ಹಳಬರ ರೂಢಿ. ಅದನ್ನು ಬಲ್ಲವಳು ಆ ಬೀದಿಯಲ್ಲಿ ಒಬ್ಬಳೇ. ಉಮಾಮಹೇಶ್ವರಿಯವರು ಎಂಟು ಮೊಳ ಮಲ್ಲಿಗೆ ತರಿಸಿ ಕೆಳಗೆ ಕಳಿಸಿದರು.

ಸರ್ವಮಂಗಳಮ್ಮ ತನ್ನ ಕೈಯಾರೆ ಕಟ್ಟಿದಳು. ದಿನಕ್ಕೆರಡು ಸಲ ಬಾಡಿದ್ದನ್ನು ಬಿಚ್ಚಿ ಹೊಸದನ್ನು ಸುತ್ತಿದಳು. ತೇಜಸ್ವಿನಿ ಗೋಡೆಯ ಕಡೆ ಮುಖ ಮಾಡಿ ಕೂತಿರುತ್ತಿದ್ದಳು. ಕೋಣೆಯಲ್ಲಿ ಮದುವೆ ಮನೆಯ ಪರಿಮಳ. ಐದನೆಯ ದಿನಕ್ಕೆ ಎದೆ ಮೆತ್ತಗಾಯಿತು.

ಹರಕೆ ನಿಲ್ಲಿಸುವಂತಿಲ್ಲವಲ್ಲ. ಹತ್ತೊಂಬತ್ತನೇ ದಿನ ಬೆಳಿಗ್ಗೆ ಆಕೆ ಹಾಲಿನ ಬೂತಿಗೆ ಹೋದಳು. ಬೂತಿನ ಬೈಲಪ್ಪ ಬಾಯಿ ಸುಮ್ಮನಿಟ್ಟುಕೊಳ್ಳುವವನಲ್ಲ.

“ಏನಕ್ಕಾ, ಹಾಲೇ ಬೇಡ ಅಂತ ಈ ಕಡೆ ತಲೆ ಹಾಕ್ತಿರ್ಲಿಲ್ಲ, ಈಗ ದಿನಾ ಬರ್ತಿದ್ದೀರಾ. ಯಜಮಾನ್ರು ಕಾಫಿಗೆ ಗಲಾಟೆ ಮಾಡಿದ್ರಾ?”

“ಕುಡಿಯಕ್ಕಲ್ಲ ಬೈಲಪ್ಪ. ದೇವ್ರಿಗೆ.”

“ದಿನಾ ಅರ್ಧ ಲೀಟ್ರಾ? ದೇವ್ರು ಬಿಟ್ಟಿದ್ದನ್ನ ಯಾರಿಗೆ ಕುಡಿಸ್ತೀರಕ್ಕಾ, ಅದನ್ನ ಹೇಳಿ.”

ಅವನು ನಕ್ಕ. ಹಿಂದೆ ನಿಂತವರೂ ನಕ್ಕರು. ಬಿಸ್ಕತ್ತಿನ ಹಿಟ್ಟಿಗೆ ಎನ್ನಲು ಸರ್ವಮಂಗಳಮ್ಮ ಬಾಯಿ ತೆರೆದಳು. ಯಾರಿಗೆ ಕುಡಿಸಿದೆ? ಪ್ಯಾಕೆಟ್ಟು ಕೈಯಿಂದ ಜಾರಿ ಒಡೆದು, ಹಾಲು ಚಪ್ಪಲಿಯ ಕೆಳಗೆ ಹರಿಯಿತು. “ಹೋಗ್ಲಿ ಬಿಡಕ್ಕಾ, ಇನ್ನೊಂದು ತಗೊಳ್ಳಿ” ಎಂದು ಬೈಲಪ್ಪ ಕೂಗುತ್ತಿದ್ದರೂ ಆಕೆ ತಿರುಗಿ ನೋಡಲಿಲ್ಲ.

ಓಡಿದಳು. ಐವತ್ತೇಳರ ಮೊಣಕಾಲಿನಲ್ಲಿ ಎಷ್ಟು ಓಡಬಹುದೋ ಅಷ್ಟು. ಹೇಳದೆ ಇದ್ದುಬಿಡಬಹುದಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮೆಟ್ಟಿಲ ಬಳಿ ಆ ಯೋಚನೆಯೂ ಬಂತು, ಕಾಲೂ ನಿಂತಿತು. ಆದರೆ ತೇಜಸ್ವಿನಿಯ ಎದೆಯಲ್ಲಿ ಹಾಲು ಇನ್ನೂ ಪೂರ್ತಿ ಬತ್ತಿರದಿದ್ದರೆ? ಹತ್ತಿದಳು.

ತೇಜಸ್ವಿನಿ ಮಗುವಿಗೆ ಬಾಟಲಿ ಹಿಡಿದಿದ್ದಳು. ಅತ್ತೆ ಸೊಪ್ಪು ಬಿಡಿಸುತ್ತಿದ್ದರು.

“ತೀರ್ಥ ಹಾಕಿದ್ದೆ ಕಣೇ ಹಿಟ್ಟಿಗೆ. ಹಾಲಿನ ತೀರ್ಥ.”

ತೇಜಸ್ವಿನಿ ಬಾಟಲಿ ಹಿಡಿದಂತೆಯೇ ತಲೆ ಎತ್ತಿದಳು.

“ಯಾವಾಗಿಂದ ಆಂಟಿ?”

ಹೇಳಿದಳು. ತೇಜಸ್ವಿನಿ ಪುಸ್ತಕ ಎಳೆದುಕೊಂಡು ಒಂದು ಕೈಯಲ್ಲೇ ಹಾಳೆ ತಿರುವಿದಳು. ತಾರೀಕಿನ ಮೇಲೆ ಬೆರಳಿಟ್ಟು, ಮುಂದಿನ ತಾರೀಕಿಗೆ, ಅದರ ಮುಂದಿನದಕ್ಕೆ.

“ಎರಡು ಸಲ ಕೇಳಿದ್ನಲ್ಲ ಆಂಟಿ, ಇನ್ನೇನಾದ್ರೂ ಹಾಕ್ತೀರಾ ಅಂತ.”

“ತೀರ್ಥ ಅಲ್ವೇನೇ ಅದು…” ಎಂದಳು ಸರ್ವಮಂಗಳಮ್ಮ. ಆ ಮಾತು ಆಕೆಗೇ ಬೇರೆ ಯಾರೋ ಆಡಿದಂತೆ ಕೇಳಿಸಿತು.

ಉಮಾಮಹೇಶ್ವರಿಯವರೂ ದಿನಾ ಲಿಂಗಪೂಜೆ ಮಾಡುವವರೇ. ಸೊಪ್ಪಿನ ದಂಟು ಕೈಯಲ್ಲೇ ಇತ್ತು. “ದೇವರ ಹೆಸರಲ್ಲಿ ಮಾಡಿದ್ರಿ,” ಎಂದರು. “ಬಯ್ಯೋಣ ಅಂದ್ರೆ ಬಾಯೂ ಬರ್ತಿಲ್ಲ.”

ಬೈದಿದ್ದರೆ ಚೆನ್ನಾಗಿತ್ತು.

“ಮತ್ತೆ ಬರುತ್ತಾ ಆಂಟಿ, ಹಾಲು?” ತೇಜಸ್ವಿನಿ ಕೇಳಿದಳು.

ಅಲ್ಲಿಂದ ಎಂಟು ದಿನ ಸರ್ವಮಂಗಳಮ್ಮ ತನಗೆ ಗೊತ್ತಿದ್ದನ್ನೆಲ್ಲ ಮಾಡಿದಳು. ಬೆಳ್ಳುಳ್ಳಿ ಸುಟ್ಟಳು, ಸಬ್ಬಸಿಗೆ ಸೊಪ್ಪು ಬೇಯಿಸಿದಳು, ಬೆನ್ನಿಗೆ ಬಿಸಿನೀರು ಹೊಯ್ದಳು. ಮಗುವನ್ನು ಎದೆಗೆ ಹಿಡಿದರೆ ಅದು ಬಾಟಲಿಗೆ ಒಗ್ಗಿಬಿಟ್ಟಿತ್ತು, ಮುಖ ತಿರುಗಿಸಿ ಕಿರುಚಿ ನೀಲಿಯಾಗುತ್ತಿತ್ತು. ಎರಡು ತೊಟ್ಟು ಬಂದ ದಿನ ಇಬ್ಬರೂ ಉಸಿರು ಬಿಗಿಹಿಡಿದರು. ಮರುದಿನ ಅದೂ ಇಲ್ಲ. ಒಂಬತ್ತನೆಯ ದಿನ ತೇಜಸ್ವಿನಿ ಕುಪ್ಪಸದ ಗುಂಡಿ ಹಾಕಿಕೊಂಡು, “ಸಾಕು ಆಂಟಿ. ಅವನಿಗೆ ಹಸಿವಾಗ್ತಿದೆ” ಎಂದಳು. ಆಮೇಲೆ ಕರೆಯಲಿಲ್ಲ.

ಅದೇ ಹಿಟ್ಟಿನ ಡಬ್ಬ ಹೋಗಿದ್ದ ಹದಿನಾಲ್ಕು ಮನೆಗೂ ಸರ್ವಮಂಗಳಮ್ಮ ತಾನೇ ಫೋನ್ ಮಾಡಿ ಹೇಳಿದಳು. ಒಬ್ಬಳು ಅತ್ತಳು, ಒಬ್ಬಳು ಮಾತಿನ ಮಧ್ಯೆಯೇ ಫೋನಿಟ್ಟಳು. “ನಮ್ಮ ಪಾಪುಗೇನೂ ಆಗಿಲ್ಲ ಆಂಟಿ, ಕಳಿಸ್ತಿರಿ” ಎಂದವಳೂ ಒಬ್ಬಳಿದ್ದಳು. ಆಕೆ ಓವನ್ ಹಚ್ಚಲಿಲ್ಲ.

ಮೇಲೆ ಡಬ್ಬಿಯ ಮುಚ್ಚಳ ತೆರೆದರೆ ಕೆಳಗೆ ಕೇಳುತ್ತಿತ್ತು. ದಿನಕ್ಕೆ ಎಂಟು ಸಲ. ಆ ಸದ್ದಿಗೆ ಆಕೆ ಮಾಡುತ್ತಿದ್ದ ಕೆಲಸ ಬಿಟ್ಟು ಕೂತುಬಿಡುತ್ತಿದ್ದಳು. ಎರಡು ತಿಂಗಳು ನೋಡಿ ಕರಿಬಸವಯ್ಯನೇ ಗಿರಿನಗರದಲ್ಲಿ ಮನೆ ಹುಡುಕಿದ.

“ಹೋಗೋಣ್ವಾ ಮಂಗಳಾ?”

“ಹೋಗೋಣ ರೀ. ಇಲ್ಲಿ ಉಸಿರಾಡಕ್ಕಾಗ್ತಿಲ್ಲ.”

ಸಾಮಾನಿನ ಟೆಂಪೋದಲ್ಲಿ ಅವನು ಮುಂದೆ ಹೋದ. ಆಕೆ ಖಾಲಿ ಮನೆ ಗುಡಿಸಿ, ದೇವರ ಕೋಣೆಯಿಂದ ಲಿಂಗವನ್ನು ಮಡಿಬಟ್ಟೆಯಲ್ಲಿ ಸುತ್ತಿ ಎರಡೂ ಕೈಯಲ್ಲಿ ಎದೆಗಾನಿಸಿಕೊಂಡು ಹೊರಬಂದಳು. ಬೀಗದ ಕೈ ಬಾಗಿಲಲ್ಲೇ ಬಿಟ್ಟಿದ್ದಳು. ಉಮಾಮಹೇಶ್ವರಿಯವರು ತೆಗೆದುಕೊಂಡು, “ಅಡ್ರೆಸ್ ಕೊಟ್ಟಿರಿ, ಏನಾದ್ರೂ ಕಾಗದ ಬಂದ್ರೆ ಕಳಿಸ್ತೀನಿ” ಎಂದರು.

ಮೆಟ್ಟಿಲ ತಿರುವಿನಲ್ಲಿ ತೇಜಸ್ವಿನಿ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಮಗುವಿನ ಒಂದು ಕಾಲು ಕಂಬಿಯ ಸಂದಿಯಿಂದ ಆಚೆ ತೂಗುತ್ತಿತ್ತು, ಕೈ ಚಾಚಿದರೆ ಎಟಕುವಷ್ಟು ಹತ್ತಿರ.

“ಎಷ್ಟಾಯ್ತೇ ತೂಕ?”

“ಆರೂವರೆ ಆಂಟಿ.”

“ಒಳ್ಳೇದಾಗ್ಲಿ.”

ಲಿಂಗ ಹಿಡಿದ ಕೈ ಬಿಡುವಂತಿರಲಿಲ್ಲ. ಕೈ ಖಾಲಿಯಿದ್ದಿದ್ದರೂ ಆಕೆ ಆ ಪಾದ ಮುಟ್ಟುತ್ತಿದ್ದಳೋ ಇಲ್ಲವೋ. ಚಪ್ಪಲಿಗೆ ಕಾಲು ತೂರಿಸಿ, ಮೊಣಕೈಯಿಂದ ಗೇಟು ನೂಕಿ, ಆಟೋ ಸಿಗುವ ಕಡೆಗೆ ನಡೆದಳು.